ಸ್ಕೂಪ್ ಕೂರಿಸಿದರಾಯಿತೇ? ಸೀಲ್ ಯಾರು ಮಾಡಬೇಕು?

ಸಂಪಾದಕರಿಗೆ,

ಕಳೆದ ಭಾನುವಾರದ ವಾಹನ ಪುಟದಲ್ಲಿ ಅಮೆರಿಕದ ಹಳೆಯ, ದೊಡ್ಡ ಎಂಜಿನ್ನಿನ ಮಸಲ್ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಬಾನೆಟ್ ಮೇಲೆ ಉಬ್ಬಿ ನಿಂತ ಗಾಳಿಬಾಯಿ, ಅಂದರೆ ಸ್ಕೂಪ್, ಗಾಳಿಯನ್ನು ಎಂಜಿನ್ನಿಗೆ ನುಗ್ಗಿಸಿ ಶಕ್ತಿ ಹೆಚ್ಚಿಸುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಅದರ ಫಲ ಬಳ್ಳಾರಿ ಕೌಲ್ ಬಜಾರಿನ ನನ್ನ ಟಿಂಕರಿಂಗ್ ಶೆಡ್ಡಿಗೆ ಬಂದು ಮುಟ್ಟಿದೆ. ಪತ್ರಿಕೆಯ ಹಾಳೆ ಮಡಚಿಕೊಂಡು ಬಂದ ಹುಡುಗರು, ‘ಮೇಸ್ತ್ರಿ, ನಮ್ಮ ಸ್ವಿಫ್ಟಿಗೂ ಹಿಂಗ ಒಂದು ಕೊಯ್ದು ಕೂಡಿಸ್ರಿ’ ಅನ್ನುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನುಗ್ಗುವ ಗಾಳಿಯ ಲೆಕ್ಕ ಮೊದಲು. ಗಂಟೆಗೆ 100 ಕಿ.ಮೀ. ಓಡಿದರೂ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ ಶೇ 0.5ರಷ್ಟೂ ಆಗುವುದಿಲ್ಲ. ರಾಯಲ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಅದೂ ಇಲ್ಲ. ಲಾಭ ಇರುವುದು ತಂಪಿನಲ್ಲಿ. ನಮ್ಮ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಬಾನೆಟ್ಟಿನೊಳಗೆ 65 ಡಿಗ್ರಿ ಎಂದು ಹಿಡಿಯಿರಿ. ಆ ಗಾಳಿ ಹೊರಗಿನದಕ್ಕಿಂತ ಶೇ 7ರಷ್ಟು ತೆಳು. ಹೊರಗಿನ ಗಾಳಿ ನೇರವಾಗಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿಗೆ ಹೋದರೆ ಎಂಜಿನ್ನಿಗೆ ಅಷ್ಟು ಹೆಚ್ಚು ಉಸಿರು. ಆದರೆ ಸ್ಕೂಪಿಗೂ ಏರ್ ಫಿಲ್ಟರ್ ಡಬ್ಬಿಗೂ ನಡುವೆ ಸಂದಿ ಉಳಿದರೆ ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆಗ ಸಾವಿರಾರು ರೂಪಾಯಿ ಕೊಟ್ಟು ಬಾನೆಟ್ಟಿಗೆ ತೂತು ಕೊರೆಸಿದಂತಾಯಿತು, ಅಷ್ಟೇ.

ಆ ಅಮೆರಿಕದ ಕಾರು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1965ರ ಪಾಂಟಿಯಾಕ್ ಜಿಟಿಒ ಕಾರ್ಖಾನೆಯಿಂದ ಬರುವಾಗ ಸ್ಕೂಪ್ ಬಾಯಿ ಮುಚ್ಚಿಕೊಂಡೇ ಬರುತ್ತಿತ್ತು. ಬೇಕೆಂದವರಿಗೆ ಡೀಲರುಗಳು ಬೇರೆ ಕಿಟ್ ಕೊಡುತ್ತಿದ್ದರು. ಅದರಲ್ಲಿ ಕಾರ್ಬೊರೇಟರುಗಳ ಸುತ್ತ ಕೂರುವ ತಗಡಿನ ತಟ್ಟೆ, ಬಾನೆಟ್ಟಿನ ಅಡಿಗೆ ಒತ್ತಿಕೊಂಡು ಸಂದಿ ಮುಚ್ಚಲು ಫೋಮ್ ಗ್ಯಾಸ್ಕೆಟ್. 1970ರ ಷೆವೆಲ್ ಎಸ್‌ಎಸ್ ಕಾರಿಗೆ ಬೇಕಾದರೆ ಸಿಗುತ್ತಿದ್ದ ಬಾನೆಟ್ಟಿನಲ್ಲಿ ಬಾಯಿ ಇದ್ದದ್ದು ಹಿಂದಕ್ಕೆ, ಮುಂದಿನ ಗಾಜಿನ ಬುಡದ ಕಡೆಗೆ. ಓಡುವ ಕಾರಿನಲ್ಲಿ ಗಾಳಿ ಒತ್ತಿ ನಿಲ್ಲುವ ಜಾಗ ಅದು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಅದರ ಮುಚ್ಚಳ ತೆರೆದುಕೊಳ್ಳುತ್ತಿತ್ತು. 1969ರ ಮಸ್ಟಾಂಗ್ ಮ್ಯಾಕ್ 1ರ ಮಾಮೂಲಿ ಸ್ಕೂಪ್ ಮಾತ್ರ ಬರೀ ಶೋಕಿ. ಎಂಜಿನ್ ಜೊತೆಗೇ ನಡುಗುವ, ನಿಜಕ್ಕೂ ಗಾಳಿ ಕುಡಿಯುವ ‘ಶೇಕರ್’ ಬೇಕಾದರೆ ಬೇರೆ ದುಡ್ಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸುವ ಚಟ ಅವರಿಗೂ ಇತ್ತು ಅನ್ನಿ.

ನಮ್ಮೂರಿನ ಒಬ್ಬರ ಬಳಿ ಎಡಗಡೆ ಸ್ಟೀರಿಂಗಿನ 1969ರ ಮಸ್ಟಾಂಗ್ ಇದೆ, 302 ಘನ ಅಂಗುಲದ, ಎಂಟು ಸಿಲಿಂಡರಿನ ವಿ8 ಎಂಜಿನ್ನಿನದು. ಅದಕ್ಕೆ ಸ್ಕೂಪ್ ಕೂರಿಸಿದ್ದು ನಾನೇ. ತರಿಸಿದ ಫೈಬರ್ ಸ್ಕೂಪಿನ ಪೆಟ್ಟಿಗೆಯಲ್ಲಿ ಗ್ಯಾಸ್ಕೆಟ್ ಇಲ್ಲ, ಬೋಲ್ಟ್ ಇಲ್ಲ. ದೊಡ್ಡದೊಂದು ಸ್ಟಿಕ್ಕರ್ ಇತ್ತು!

ಬಾನೆಟ್ ಎಲ್ಲಿ ಕೊಯ್ಯಬೇಕೆಂದು ಅಚ್ಚು ತೆಗೆಯಲು ಬಳಸಿದ್ದು ಜೀನ್ಸ್ ಘಟಕದಲ್ಲಿ ಪ್ಯಾಂಟಿನ ಪ್ಯಾಟರ್ನ್ ಕತ್ತರಿಸುವ ದಪ್ಪ ಕಾಗದ. ಬಳ್ಳಾರಿಯಲ್ಲಿ ಅದಕ್ಕೆ ಬರವಿಲ್ಲ. ಬಾನೆಟ್ಟಿನ ನಡುಗೆರೆಗೆ ದಾರ ಎಳೆದು ಕಾಗದ ಅಂಟಿಸಿದೆ. ಒಳಗಡೆ ಪಕ್ಕೆಲುಬಿನಂತಿರುವ ತಗಡಿನ ಪಟ್ಟಿಗಳು ಎಲ್ಲಿ ಹಾದುಹೋಗಿವೆ ಎಂದು ಮೊದಲು ನೋಡಿಕೊಳ್ಳಬೇಕು. ಅವಕ್ಕೆ ಗ್ರೈಂಡರ್ ತಾಗಿಸಿದರೆ ವೇಗದಲ್ಲಿ ಬಾನೆಟ್ ಪಟಪಟ ಬಡಿಯುತ್ತದೆ. ಮೂಲೆಗಳಲ್ಲಿ ಮೊದಲು ಡ್ರಿಲ್ಲಿನಿಂದ ದುಂಡಗೆ ತೂತು ಹೊಡೆದು, ಆಮೇಲೆ ಗೆರೆ ಕೊಯ್ಯಬೇಕು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಫಿಲ್ಟರ್ ಡಬ್ಬಿಗೂ ಬಾನೆಟ್ಟಿಗೂ ಎಷ್ಟು ಜಾಗ ಇದೆ ಎಂದು ಸ್ಕೇಲ್ ಹಿಡಿದು ನೋಡಲಾಗುವುದಿಲ್ಲ, ಮುಚ್ಚಿದ ಮೇಲೆ ಕೈ ಹೋಗಬೇಕಲ್ಲ. ನಾದಿದ ಮೈದಾ ಹಿಟ್ಟನ್ನು ಡಬ್ಬಿಯ ಮೇಲೆ ಅಲ್ಲಲ್ಲಿ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದರೆ ಹಿಟ್ಟು ಎಷ್ಟು ದಪ್ಪ ಉಳಿಯಿತೋ ಅಷ್ಟು ಜಾಗ. ಈ ದೊಡ್ಡ ಎಂಜಿನ್ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಒಂದು ಪಕ್ಕಕ್ಕೆ ವಾಲುತ್ತದೆ, ಅದಕ್ಕೂ ಜಾಗ ಬಿಡಬೇಕು. ಆ ಜಾಗ ಮುಚ್ಚುವ ಫೋಮ್ ತೀರಾ ದಪ್ಪವಾದರೆ ಬಾನೆಟ್ಟನ್ನೇ ಮೇಲೆತ್ತಿ ಲಾಕಿನ ಮೇಲೆ ಭಾರ ಹಾಕುತ್ತದೆ. ತೆಳುವಾದರೆ ಸಂದಿ ಬೀಳುತ್ತದೆ. ಹಾಸಿಗೆ ಅಂಗಡಿಯ ಸ್ಪಂಜು ಖಂಡಿತ ಬೇಡ. ಅದು ನೀರು ಕುಡಿಯುತ್ತದೆ, ಎಂಜಿನ್ ಶಾಖಕ್ಕೆ ಪುಡಿಯಾಗಿ ಫಿಲ್ಟರಿನ ಮೇಲೆ ಉದುರುತ್ತದೆ. ನೀರು ಹೀರದ, ಕಾರಿನ ಬಾಗಿಲಿಗೆ ಹಾಕುವಂಥ ಇಪಿಡಿಎಂ ರಬ್ಬರ್ ಫೋಮೇ ಆಗಬೇಕು.

ಪರೀಕ್ಷೆಗೆ ಶಾಲೆಯ ಸೀಮೆಸುಣ್ಣ ಸಾಕು. ಫೋಮಿನ ಮೇಲಂಚಿಗೆ ಸುತ್ತಲೂ ಬಳಿದು ಬಾನೆಟ್ ಮುಚ್ಚಿ ತೆಗೆದರೆ ಅಡಿಯಲ್ಲಿ ಬಿಳಿ ಗೆರೆ ಬಿದ್ದಿರಬೇಕು. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಾಳಿ ಸೋರುತ್ತದೆ. ಈ ಮಸ್ಟಾಂಗಿನಲ್ಲಿ ಬಲಗಡೆ ಹಿಂದಿನ ಮೂಲೆಯಲ್ಲಿ ನಾಲ್ಕು ಬೆರಳಗಲ ಗೆರೆಯೇ ಇರಲಿಲ್ಲ. ಅಲ್ಲಿ ಇನ್ನೊಂದು ತೆಳು ಪಟ್ಟಿ ಅಂಟಿಸಿದ ಮೇಲೆ ಕೂಡಿಕೊಂಡಿತು. ಇದೆಲ್ಲ ಪೇಂಟಿಗೆ ಮೊದಲೇ ಆಗಬೇಕು.

ಸ್ಕೂಪ್ ಅಂಚಿಗೆ ಪುಟ್ಟಿ ತುಂಬಿ ಬಾನೆಟ್ಟಿನಲ್ಲೇ ಕರಗಿದಂತೆ ಮಾಡಿಕೊಡಿ ಎಂದು ಮಾಲೀಕರು ಹಟ ಹಿಡಿದಿದ್ದರು. ನಾನು ಒಪ್ಪಲಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗುವುದೇ ಬೇರೆ, ಫೈಬರ್ ಹಿಗ್ಗುವುದೇ ಬೇರೆ. ಬಳ್ಳಾರಿಯ ಬಿಸಿಲಿನಲ್ಲಿ ಪುಟ್ಟಿ ಗೆರೆಗೆರೆಯಾಗಿ ಸೀಳುತ್ತದೆ. ರಬ್ಬರ್ ಪಟ್ಟಿ ಇಟ್ಟು ಅಡಿಯಿಂದ ಬೋಲ್ಟ್ ಬಿಗಿದು, ಕೂಡಿಕೆಯ ಗೆರೆ ಕಾಣುವಂತೆಯೇ ಬಿಟ್ಟಿದ್ದೇನೆ.

ಇನ್ನು ನಮ್ಮ ಕೆಂಪು ಧೂಳು. ಅಮೆರಿಕದವರು ಲೆಕ್ಕಕ್ಕೆ ಹಿಡಿಯದ ಸಂಗತಿ ಇದು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ಒಂದು ಸಲ ಹೋಗಿ ಬಂದ ಕಾರಿನ ಫಿಲ್ಟರ್ ತೆಗೆದು ನೋಡಿ, ಕುಂಕುಮದ ಭರಣಿ ಎನ್ನಬೇಕು. ಸ್ಕೂಪ್ ತೆರೆದಿದ್ದರೆ ಆ ಧೂಳು ನೇರ ಫಿಲ್ಟರಿಗೇ, ಫಿಲ್ಟರ್ ಕಟ್ಟಿಕೊಂಡರೆ ಗಳಿಸಿದ ಶೇ 7 ಹೋಗಿ ಇದ್ದದ್ದೂ ಹೋಗುತ್ತದೆ. ಅದಕ್ಕೇ ಬಾಯಿಗೆ ತಗಡಿನ ಮುಚ್ಚಳ ಮಾಡಿ, ಕೈಯಲ್ಲೇ ತಿರುಗಿಸುವ ಎರಡು ನಟ್ ಕೊಟ್ಟಿದ್ದೇನೆ. ಸಂಡೂರು ಕಡೆಗೂ ಮಳೆಗೂ ಮುಚ್ಚಿಕೊಂಡೇ ಹೋಗಬೇಕು. ಮುಚ್ಚಲು ಮರೆತ ದಿನಕ್ಕೆಂದು ಫಿಲ್ಟರಿನ ಸುತ್ತ ಕೂರುವ ತಟ್ಟೆಯ ತಗ್ಗಿನಲ್ಲಿ ನೀರು ಇಳಿಯಲು ಸಣ್ಣ ಪೈಪೂ ಇದೆ.

ಸ್ವಿಫ್ಟ್ ಹುಡುಗರಿಗೆ ಎರಡೇ ಮಾತು. ನಿಮ್ಮ ಕಾರಿನ ಎಂಜಿನ್ ಹೊರಗಿನ ಗಾಳಿಯನ್ನು ಕಾರ್ಖಾನೆ ಕೊಟ್ಟ ಪೈಪಿನಿಂದ ಆಗಲೇ ಎಳೆದುಕೊಳ್ಳುತ್ತಿದೆ, ಮೇಲಿನ ತೂತಿನಿಂದ ಅದಕ್ಕೆ ಸಿಗುವುದು ಏನೂ ಇಲ್ಲ. ಎರಡನೆಯದು, ಕೊಯ್ಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಬದಲಾಯಿಸುವುದರ ಬಗ್ಗೆಯೇ ಇದೆ. 2019ರ ತಿದ್ದುಪಡಿಯ ಮೇಲೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆರ್‌ಸಿ ಇರುವುದು ನಿಮ್ಮ ತಂದೆಯ ಹೆಸರಿನಲ್ಲಿ.

— ಟಿಂಕರಿಂಗ್ ಮೇಸ್ತ್ರಿ, ಕೌಲ್ ಬಜಾರ್, ಬಳ್ಳಾರಿ