ಭೂಕಂಪ: ಗೋಡೆ ಗಟ್ಟಿಯಾಗಲಿ

ಮಾನ್ಯರೇ,

2022ರ ಜೂನ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ತೀವ್ರತೆಯ ಕಂಪನ ದಾಖಲಾದಂದಿನಿಂದ, ಮುಂದಿನದು ಯಾವಾಗ ಎಂಬ ಆತಂಕ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ದಿನ, ಸ್ಥಳ, ತೀವ್ರತೆಗಳನ್ನು ಮೊದಲೇ ಖಚಿತವಾಗಿ ಹೇಳಬಲ್ಲ ವಿಧಾನ ವಿಜ್ಞಾನಕ್ಕೆ ಇನ್ನೂ ದಕ್ಕಿಲ್ಲ; ದೀರ್ಘಾವಧಿಯ ಸಂಭವನೀಯತೆಯನ್ನಷ್ಟೇ ಅಂದಾಜಿಸಬಹುದು. ಆದ್ದರಿಂದ ವದಂತಿಗೆ ಕಿವಿಗೊಡುವುದು ವ್ಯರ್ಥ.

ಅತಿ ಕಡಿಮೆ ಅಪಾಯದ ವಲಯವೆಂದು ಆಗ ಗುರುತಿಸಲಾಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದು ಸಾವಿರಾರು ಜನರನ್ನು ಬಲಿ ಪಡೆದವು. ಅಂಥ ಗೋಡೆಯ ಹೆಂಚಿನ ಮನೆಗಳು ನಮ್ಮಲ್ಲಿಯೂ ಇವೆ. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಕೂರಿಸಿದರೆ, ಮೂಲೆಗಳು ಬಿಚ್ಚಿಕೊಳ್ಳದೆ ಗೋಡೆಗಳು ಒಟ್ಟಾಗಿ ನಿಲ್ಲುತ್ತವೆ. ಗ್ರಾಮ ಪಂಚಾಯಿತಿಗಳು ವಸತಿ ಯೋಜನೆಯ ಪ್ರತಿ ಮನೆಗೂ ಇದನ್ನು ಕಡ್ಡಾಯಗೊಳಿಸಿ, ಗಾರೆ ಕೆಲಸದವರಿಗೆ ತರಬೇತಿ ನೀಡಬೇಕು.

–ಓದುಗ, ಹಾಸನ