ಕೀಲುನೋವಿನ ಮಾತ್ರೆ: ಎಚ್ಚರಿಕೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ಮದುವೆ ಗೊತ್ತಾದ ಯುವತಿಯೊಬ್ಬಳು ಕಳೆದ ತಿಂಗಳು ಮೆಥೊಟ್ರೆಕ್ಸೇಟ್ ಚೀಟಿ ಹಿಡಿದು ನಮ್ಮ ಔಷಧ ಅಂಗಡಿಗೆ ಬಂದಿದ್ದಳು. ಎರಡು ವರ್ಷಗಳಿಂದ ಸಂಧಿವಾತಕ್ಕಾಗಿ ವಾರಕ್ಕೊಮ್ಮೆ ಈ ಮಾತ್ರೆ ನುಂಗುತ್ತಿದ್ದ ಆಕೆಗೆ, ಇದು ಹೆಚ್ಚಿನ ಪ್ರಮಾಣದಲ್ಲಿ ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧವೇ ಎಂಬುದಾಗಲಿ, ಬಸುರಾಗುವ ಮೊದಲೇ ನಿಲ್ಲಿಸಬೇಕಾದದ್ದು ಎಂಬುದಾಗಲಿ ತಿಳಿದಿರಲಿಲ್ಲ.

ದೇಹವು ಫೋಲೇಟ್ ಎಂಬ ಜೀವಸತ್ವವನ್ನು ಬಳಸಿಕೊಳ್ಳದಂತೆ ತಡೆಯುವುದೇ ಈ ಔಷಧದ ಕೆಲಸ. ಫೋಲೇಟ್ ಸಿಗದ ಜೀವಕೋಶ ಹೊಸ ಡಿಎನ್‌ಎ ಕಟ್ಟಲಾರದು. ಬೇಗ ಬೇಗ ಒಡೆದು ಎರಡಾಗುವ ಕ್ಯಾನ್ಸರ್ ಕೋಶಗಳು ಹೀಗೆ ಸಾಯುತ್ತವೆ. ಆದರೆ ಎಳೆಯ ಭ್ರೂಣದ ಬೆಳವಣಿಗೆಯೂ ಅಂಥದೇ ವೇಗದ್ದು. ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳವು ಗರ್ಭ ನಿಂತ ಸುಮಾರು 28ನೇ ದಿನದೊಳಗೆ ಮುಚ್ಚಿಕೊಳ್ಳಬೇಕು. ಅಷ್ಟರಲ್ಲಿ ತಾಯಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ, ಎಷ್ಟೋ ಹೆಂಗಸರು ಅದನ್ನಿನ್ನೂ ಆಯಾಸವೆಂದೇ ಭಾವಿಸಿರುತ್ತಾರೆ.

ಇದೇನೂ ಹೊಸದಾಗಿ ತಿಳಿದ ಸಂಗತಿಯಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ, ಹೀಗೆಯೇ ಫೋಲೇಟ್ ತಡೆಯುವ ಅಮಿನಾಪ್ಟೆರಿನ್‌ನಿಂದ ಮಕ್ಕಳ ರಕ್ತ ಕ್ಯಾನ್ಸರ್ ಕೆಲಕಾಲ ಹಿಮ್ಮೆಟ್ಟಿದ್ದನ್ನು ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು; ಕೆಲವೇ ವರ್ಷಗಳಲ್ಲಿ, ಗರ್ಭಪಾತಕ್ಕೆಂದು ಅದನ್ನು ಕೊಟ್ಟೂ ಗರ್ಭ ಉಳಿದ ಕಡೆ ಮಕ್ಕಳ ತಲೆಬುರುಡೆಯಲ್ಲಿ ದೋಷಗಳು ಕಂಡವು. ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು.

ಎಲ್ಲ ಕೀಮೋ ಔಷಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ: ಸ್ತನ ಕ್ಯಾನ್ಸರ್ ಇರುವ ಗರ್ಭಿಣಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಡಾಕ್ಸೊರುಬಿಸಿನ್‌ನಂಥವನ್ನು ತಜ್ಞರು ಎಚ್ಚರದಿಂದ ಕೊಡುವುದುಂಟು. ಮೆಥೊಟ್ರೆಕ್ಸೇಟ್ ಮಾತ್ರ ಗರ್ಭಿಣಿಗೆ ಯಾವ ತಿಂಗಳಲ್ಲೂ ಸಲ್ಲದು. ಜೊತೆಗೆ ಬರೆದುಕೊಡುವ ಫೋಲಿಕ್ ಆಸಿಡ್ ಮಾತ್ರೆ ಬಾಯಿಹುಣ್ಣು, ವಾಕರಿಕೆಯಂಥ ತೊಂದರೆ ತಗ್ಗಿಸಲಿಕ್ಕೇ ಹೊರತು ಭ್ರೂಣವನ್ನು ಕಾಯುತ್ತದೆಂಬ ಭರವಸೆಯಿಂದಲ್ಲ.

ಮಾತ್ರೆಯ ಪಟ್ಟಿಯ ಹಿಂದೆ ಎಚ್ಚರಿಕೆ ಇದೆ, ಇಂಗ್ಲಿಷಿನಲ್ಲಿ, ನನ್ನ ಕನ್ನಡಕಕ್ಕೂ ಎಟುಕದಷ್ಟು ಸಣ್ಣಕ್ಷರದಲ್ಲಿ. “ಗರ್ಭಿಣಿಯರು ಮತ್ತು ಗರ್ಭ ಬಯಸುವವರು ಸೇವಿಸಬಾರದು; ಉಳಿದವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು” ಎಂದು ಕನ್ನಡದಲ್ಲಿ ಮುದ್ರಿಸಿದ ಚೀಟಿಯನ್ನು ಪ್ರತಿ ಪಟ್ಟಿಯೊಂದಿಗೆ ಕೊಡುವಂತೆ ಔಷಧ ನಿಯಂತ್ರಣ ಇಲಾಖೆ ಆದೇಶಿಸಲಿ. ಆದೇಶ ಬರುವವರೆಗೆ ನಮ್ಮ ಅಂಗಡಿಯಲ್ಲಿ ಅದನ್ನು ಕೈಬರಹದಲ್ಲೇ ಬರೆದುಕೊಡುತ್ತಿದ್ದೇವೆ.

– ಔಷಧ ವ್ಯಾಪಾರಿ, ಹಾಸನ