ಗಗನ ಮಹಲನ್ನು ಗುರುತಿಸಿಕೊಟ್ಟವರಿಗೆ

ಮುಂಬೈಯ ಚೋರ್ ಬಜಾರಿನಲ್ಲಿ ಸಿಕ್ಕ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಹಾಗಾಗಿ ಇಲ್ಲಿಂದಲೇ ತುಂಬಾ ಧನ್ಯವಾದ.

ಆ ಹಳೆಯ ಅಚ್ಚುಚಿತ್ರದಲ್ಲಿ ಊರಿನ ಹೆಸರೇ ಇರಲಿಲ್ಲ. ನಡುವೆ ಭಾರೀ ಅಗಲದ ಕಮಾನು, ಎರಡೂ ಬದಿಗೆ ಎತ್ತರದ ಕಿರಿದಾದ ಕಮಾನು, ಮೇಲೆ ಬರೀ ಆಕಾಶ. "ಇದು ನಮ್ಮ ಬಿಜಾಪುರದ ಗಗನ ಮಹಲ್ ಅಲ್ವಾ!" ಅಂದಿರಿ, ಅದೂ ಕನ್ನಡದಲ್ಲಿ! ಒಂದನೇ ಅಲಿ ಆದಿಲ್ ಶಾ 1561ರ ಸುಮಾರಿಗೆ ಕಟ್ಟಿಸಿದ ಅರಮನೆ. ಮಹಡಿ, ಚಾವಣಿ ಮರದ್ದಾಗಿದ್ದವು, ಅದಕ್ಕೇ ಕಲ್ಲಷ್ಟೇ ಉಳಿದಿದೆ ಎಂದು ಬಿಡಿಸಿ ಹೇಳಿದಿರಿ. ಚಿತ್ರದ ಸುತ್ತ ಕಾಗದ ತಗ್ಗಿದ ಗೆರೆಯನ್ನೂ ಮುಟ್ಟಿ ತೋರಿಸಿದಿರಿ. ಲೋಹದ ತಗಡನ್ನು ಒತ್ತಿದ ಗುರುತಂತೆ. ಎಷ್ಟು ಖುಷಿಯಾಯಿತು!

ವಿಜಯಪುರದಲ್ಲೇ ಹುಟ್ಟಿ ಬೆಳೆದ ಅಮ್ಮನಿಗೆ ಅದನ್ನು ಕಟ್ಟು ಹಾಕಿಸಿ ಕೊಡುತ್ತಿದ್ದೇನೆ.